ಓದುಗರ ಪ್ರಶ್ನೆ, ನಮ್ಮ ಉತ್ತರ: ಐಸ್ ಹಾಕಿಯ ದಾಖಲೆಗಳು

ರಷ್ಯಾದ ಆಟಗಾರ ಅಲೆಕ್ಸಾಂಡರ್ ಓವೆಚ್ಕಿನ್ ಅವರು ವೃತ್ತಿಪರ ಐಸ್ ಹಾಕಿಯಲ್ಲಿ ಗೋಲುಗಳ ದಾಖಲೆ ಮುರಿದ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದಿದ್ದೆವು. ಅದನ್ನು ಓದಿದ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಪತ್ರದ ಮೇಲೆ ಪತ್ರ ಬರೆದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಆ ಆಟಕ್ಕೇ ಬಿಟ್ಟುಕೊಟ್ಟಿದ್ದೇವೆ. ಆಟದ ಪರಿಚಯ ಇಲ್ಲದವರಿಗಾಗಿ ಇಷ್ಟು ಹೇಳಿದರೆ ಸಾಕು: ಗೋಲ್‌ಕೀಪರ್ ಸೇರಿ ಒಂದು ತಂಡದಿಂದ ಆರು ಮಂದಿ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುತ್ತಾರೆ, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ, 20 ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಕೆಳಗೆ ಬರುವ ದಾಖಲೆಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ, 1917ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಕಿ ಲೀಗ್‌ಗೆ, ಅಂದರೆ ಎನ್‌ಎಚ್‌ಎಲ್‌ಗೆ ಸೇರಿದವು.

ಪ್ರಶ್ನೆ: ಓವೆಚ್ಕಿನ್ 895ನೇ ಗೋಲು ಹೊಡೆದು ವೇಯ್ನ್ ಗ್ರೆಟ್ಸ್ಕಿಯವರ ದಾಖಲೆ ಮುರಿದರೆಂದು ತಾವು ಬರೆದಿದ್ದೀರಿ. ಆದರೆ ಗ್ರೆಟ್ಸ್ಕಿ 1016 ಗೋಲು ಗಳಿಸಿದ್ದಾರೆಂದು ನಾನು ಬೇರೆಡೆ ಓದಿದ್ದೇನೆ. ಯಾವುದು ಸರಿ? ಇಬ್ಬರಲ್ಲಿ ಯಾರು ದೊಡ್ಡ ಆಟಗಾರರು? (ದೈಹಿಕ ಶಿಕ್ಷಣ ಶಿಕ್ಷಕರು, ಸಿರುಗುಪ್ಪ)

ಉತ್ತರ: ಎರಡೂ ಸರಿ. ರಣಜಿ ಪಂದ್ಯದ ರನ್ನುಗಳನ್ನು ಟೆಸ್ಟ್ ಪಂದ್ಯದ ಲೆಕ್ಕಕ್ಕೆ ಹೇಗೆ ಸೇರಿಸುವುದಿಲ್ಲವೋ ಹಾಗೆ ಎನ್‌ಎಚ್‌ಎಲ್ ಕೂಡ ಲೀಗ್ ಹಂತದ ಗೋಲುಗಳನ್ನೂ ಅದರ ನಂತರದ ಪ್ಲೇಆಫ್ ಪಂದ್ಯಗಳ ಗೋಲುಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಗ್ರೆಟ್ಸ್ಕಿ 1979ರಿಂದ 1999ರವರೆಗೆ ಲೀಗ್ ಹಂತದ 1487 ಪಂದ್ಯಗಳಲ್ಲಿ 894 ಗೋಲು, ಪ್ಲೇಆಫ್‌ಗಳಲ್ಲಿ 122 ಗೋಲು ಗಳಿಸಿದರು. ಇವೆರಡನ್ನೂ ಕೂಡಿದರೆ ತಾವು ಓದಿದ 1016 ಬರುತ್ತದೆ. ಓವೆಚ್ಕಿನ್ ಮುರಿದದ್ದು ಮೊದಲನೆಯ ಸಂಖ್ಯೆಯನ್ನು ಮಾತ್ರ.

ಆ ಗೋಲು ಬಂದದ್ದು 2025ರ ಏಪ್ರಿಲ್ 6ರಂದು. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ನಾಯಕರಾದ ಓವೆಚ್ಕಿನ್ ಅಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಅಂಗಳದಲ್ಲಿ, ತಮ್ಮದೇ ದೇಶದ ಗೋಲ್‌ಕೀಪರ್ ಇಲ್ಯಾ ಸೊರೊಕಿನ್ ಅವರನ್ನು ದಾಟಿಸಿ ಪಕ್ ಅನ್ನು ಬಲೆಗೆ ಸೇರಿಸಿದರು. ಆಟವನ್ನು ನಿಲ್ಲಿಸಿ ಅಲ್ಲೇ ಸಮಾರಂಭ ನಡೆಯಿತು ಮತ್ತು ದಾಖಲೆ ಕಳೆದುಕೊಂಡ ಗ್ರೆಟ್ಸ್ಕಿಯವರೇ ಬಂದು ಅಭಿನಂದಿಸಿದರು. ಗ್ರೆಟ್ಸ್ಕಿ ತಮ್ಮ ಇಡೀ ವೃತ್ತಿಜೀವನದಲ್ಲಿ ಆಡಿದಷ್ಟೇ ಪಂದ್ಯಗಳನ್ನು ಓವೆಚ್ಕಿನ್ ಆ ದಿನಕ್ಕೆ ಆಡಿ ಮುಗಿಸಿದ್ದರು, ಅದು ಅವರ 1487ನೇ ಪಂದ್ಯವಾಗಿತ್ತು. ಅದೇ ಋತುವಿನ ನವೆಂಬರ್‌ನಲ್ಲಿ ಕಾಲಿನ ಮೂಳೆ ಮುರಿದು 16 ಪಂದ್ಯಗಳಿಂದ ಹೊರಗುಳಿದಿದ್ದ 39 ವರ್ಷದ ಆಟಗಾರ, ಋತು ಮುಗಿಯುವ ಹೊತ್ತಿಗೆ 44 ಗೋಲು ಹೊಡೆದಿದ್ದರು ಎಂಬುದು ನಮಗೆ 895ಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಯಾರು ದೊಡ್ಡವರು ಎಂಬ ಪ್ರಶ್ನೆಗೆ ಬರೀ ಮೊತ್ತ ನೋಡಿ ಉತ್ತರ ಹೇಳಲಾಗದು. ಗ್ರೆಟ್ಸ್ಕಿ ಎಡ್ಮಂಟನ್ ಆಯಿಲರ್ಸ್ ತಂಡದಲ್ಲಿ ಮೆರೆಯುತ್ತಿದ್ದ 1980ರ ದಶಕದ ಆರಂಭದಲ್ಲಿ ಎರಡೂ ತಂಡಗಳದ್ದು ಸೇರಿ ಪಂದ್ಯವೊಂದಕ್ಕೆ ಸರಾಸರಿ ಸುಮಾರು 8 ಗೋಲುಗಳು ಬೀಳುತ್ತಿದ್ದವು. ಓವೆಚ್ಕಿನ್ ಅವರ ಉತ್ತಮ ವರ್ಷಗಳಲ್ಲಿ ಗೋಲ್‌ಕೀಪರ್‌ಗಳ ತರಬೇತಿ, ನಿಲುವು, ರಕ್ಷಾಕವಚ ಎಲ್ಲವೂ ಸುಧಾರಿಸಿ ಆ ಸರಾಸರಿ ಎಷ್ಟೋ ವರ್ಷ 6ಕ್ಕಿಂತ ಕೆಳಗಿತ್ತು. ಗೋಲು ಸಿಗುವುದೇ ದುರ್ಲಭವಾದ ಕಾಲದಲ್ಲಿ ಕೂಡಿಟ್ಟ ಗೋಲುಗಳಿಗೆ ತೂಕ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಗ್ರೆಟ್ಸ್ಕಿಯವರನ್ನು ಗೋಲುಗಳಿಂದ ಅಳೆಯುವುದೇ ಅರ್ಧ ಲೆಕ್ಕ. ಈ ಆಟದಲ್ಲಿ ಗೋಲಿಗೆ ಮುನ್ನ ಪಕ್ ಅನ್ನು ಸಾಗಿಸಿಕೊಟ್ಟ ಕೊನೆಯ ಇಬ್ಬರು ಸಹ ಆಟಗಾರರಿಗೆ ಅಸಿಸ್ಟ್ ಎಂಬ ಮನ್ನಣೆ ಸಿಗುತ್ತದೆ. ಗೋಲು ಮತ್ತು ಅಸಿಸ್ಟ್ ಎರಡಕ್ಕೂ ತಲಾ ಒಂದು ಅಂಕ. ಗ್ರೆಟ್ಸ್ಕಿಯವರ ಅಸಿಸ್ಟ್‌ಗಳು 1963, ಒಟ್ಟು ಅಂಕಗಳು 2857. ಅಂಕಪಟ್ಟಿಯಲ್ಲಿ ಎರಡನೆಯವರಾದ ಯಾರೊಮಿರ್ ಯಾಗರ್ ಅವರ ಗೋಲು, ಅಸಿಸ್ಟ್ ಎರಡೂ ಸೇರಿ 1921 ಅಂಕ. ಎಂದರೆ ಗ್ರೆಟ್ಸ್ಕಿಯವರ 894 ಗೋಲುಗಳಲ್ಲಿ ಒಂದನ್ನೂ ಎಣಿಸದಿದ್ದರೂ ಮೊದಲ ಸ್ಥಾನ ಅವರದೇ. 1985-86ರ ಒಂದೇ ಋತುವಿನಲ್ಲಿ ಅವರು 215 ಅಂಕ ಗಳಿಸಿದರು. ಈಚಿನ ಪೀಳಿಗೆಯ ಅತ್ಯಂತ ಚುರುಕಿನ ಆಟಗಾರರೆನಿಸಿದ ಕಾನರ್ ಮೆಕ್‌ಡೇವಿಡ್ 2022-23ರಲ್ಲಿ ಎಲ್ಲರೂ ಬೆರಗಾಗುವಂತೆ ಆಡಿಯೂ ಮುಟ್ಟಿದ್ದು 153. ಗೋಲಿನ ದಾಖಲೆ ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇರಬಹುದು, ಅಸಿಸ್ಟ್‌ಗಳ ದಾಖಲೆಯನ್ನು ಈಗ ಆಡುತ್ತಿರುವ ಯಾರೂ ಸಮೀಪಿಸಲಾರರು ಎಂಬುದು ನಮ್ಮ ಎಣಿಕೆ.

ಗ್ರೆಟ್ಸ್ಕಿಯವರ ಇನ್ನೊಂದು ದಾಖಲೆಯನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳಲು ಯೋಗ್ಯವೆಂದು ಇಲ್ಲಿ ಸೇರಿಸುತ್ತಿದ್ದೇವೆ. ಮಾಂಟ್ರಿಯಲ್‌ನ ಮಾರಿಸ್ ರಿಶಾರ್ 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದದ್ದನ್ನು ದಶಕಗಳ ಕಾಲ ಮುಟ್ಟಲಾಗದ ಎತ್ತರವೆಂದೇ ಭಾವಿಸಲಾಗಿತ್ತು. 1981ರ ಡಿಸೆಂಬರ್ 30ರಂದು ಗ್ರೆಟ್ಸ್ಕಿ ಆ ಋತುವಿನ 39ನೇ ಪಂದ್ಯಕ್ಕೆ ಇಳಿದಾಗ ಅವರ ಖಾತೆಯಲ್ಲಿ 45 ಗೋಲುಗಳಿದ್ದವು. ಫಿಲಡೆಲ್ಫಿಯಾ ಫ್ಲೈಯರ್ಸ್ ವಿರುದ್ಧದ ಆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದು 50 ಮುಟ್ಟಿಬಿಟ್ಟರು. ಐದನೆಯದು ಖಾಲಿ ಗೋಲಿಗೆ ಹೋಯಿತು. ಸೋಲುವ ಹಂತದಲ್ಲಿರುವ ತಂಡ ಕೊನೆಯ ಗಳಿಗೆಯಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆಸಿ ಅವರ ಬದಲು ಇನ್ನೊಬ್ಬ ದಾಳಿಗಾರನನ್ನು ಇಳಿಸುವ ಪದ್ಧತಿ ಈ ಆಟದಲ್ಲಿದೆ. ಇಂಥ ಗೋಲು ಅಗ್ಗದ್ದೆಂದು ಮೂಗು ಮುರಿಯುವವರು ಇದ್ದಾರೆ. ಆದರೆ ಖಾಲಿ ಗೋಲಿಗೆ ಹೊಡೆದವುಗಳ ಪಟ್ಟಿಯಲ್ಲಿ ಓವೆಚ್ಕಿನ್ ಗ್ರೆಟ್ಸ್ಕಿಯವರಿಗಿಂತಲೂ ಮುಂದಿದ್ದಾರೆ, ಹಾಗಾಗಿ ಈ ಆಕ್ಷೇಪದಿಂದ ಯಾರ ವಾದವೂ ಗೆಲ್ಲುವುದಿಲ್ಲ.

ಪ್ರಶ್ನೆ: ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನಂಥ ಊರಿನಲ್ಲಿ ಐಸ್ ಹಾಕಿ ಆಡಲು ಸಾಧ್ಯವೇ? (ಐಸ್ ಫ್ಯಾಕ್ಟರಿ ನೌಕರರು, ರಾಯಚೂರು)

ಉತ್ತರ: ಖಂಡಿತ ಸಾಧ್ಯ, ವಿದ್ಯುತ್ ಬಿಲ್ ಕಟ್ಟುವವರು ಸಿಕ್ಕರೆ. ಮರುಭೂಮಿಯ ಲಾಸ್ ವೇಗಸ್ ನಗರದ ತಂಡ 2023ರಲ್ಲಿ, ತೆಂಗಿನ ಮರಗಳ ನಾಡಾದ ಫ್ಲಾರಿಡಾದ ಪ್ಯಾಂಥರ್ಸ್ ತಂಡ 2024 ಮತ್ತು 2025ರಲ್ಲಿ ಎನ್‌ಎಚ್‌ಎಲ್ ಕಿರೀಟ ಗೆದ್ದಿವೆ, ಅದೂ ಜೂನ್ ತಿಂಗಳಲ್ಲಿ. ತಮ್ಮ ಕಾರ್ಖಾನೆಯಲ್ಲಿ ಡಬ್ಬಿಗೆ ನೀರು ತುಂಬಿ, ಅದನ್ನು ತಣ್ಣನೆಯ ಉಪ್ಪುನೀರಿನಲ್ಲಿ ಇಳಿಬಿಟ್ಟು ಗಡ್ಡೆ ಕಟ್ಟಿಸುವ ವಿಧಾನ ಗೊತ್ತಿರುವ ತಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರಿಂಕ್‌ನಲ್ಲಿ, ಅಂದರೆ ಈ ಆಟದ ಅಂಗಳದಲ್ಲಿ, ಕಾಂಕ್ರೀಟ್ ನೆಲದೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಶೂನ್ಯಕ್ಕಿಂತ ಹಲವು ಡಿಗ್ರಿ ಕೆಳಗಿರುವ ಉಪ್ಪಿನ ದ್ರಾವಣವನ್ನೋ ಗ್ಲೈಕಾಲ್ ದ್ರಾವಣವನ್ನೋ ಹರಿಸುತ್ತಾರೆ. ಮೇಲೆ ನೀರನ್ನು ತೆಳುವಾಗಿ ಚಿಮುಕಿಸುತ್ತ ಪದರದ ಮೇಲೆ ಪದರ ಕಟ್ಟಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಗಡ್ಡೆಯ ದಪ್ಪ ಒಂದು ಅಂಗುಲದ ಆಸುಪಾಸಿನದು. ಮಂಜುಗಡ್ಡೆಗೆ ತನ್ನದೇ ಬಿಳಿ ಬಣ್ಣ ಇಲ್ಲದ್ದರಿಂದ ಕಪ್ಪು ಪಕ್ ಕಾಣಿಸಲೆಂದು ಪದರಗಳ ನಡುವೆ ಬಿಳಿ ಬಣ್ಣ ಬಳಿಯುತ್ತಾರೆ.

ಶಾಖಕ್ಕಿಂತ ತೇವವೇ ದೊಡ್ಡ ಶತ್ರು. 1975ರ ಮೇ 20ರಂದು ಅಮೆರಿಕದ ಬಫಲೋ ನಗರದಲ್ಲಿ ಫೈನಲ್ ಸರಣಿಯ ಮೂರನೇ ಪಂದ್ಯ ನಡೆದಾಗ ಹೊರಗೆ ಸೆಕೆ, ಒಳಗೆ ಹವಾನಿಯಂತ್ರಣವಿಲ್ಲ. ಮಂಜುಗಡ್ಡೆಯಿಂದ ಎದ್ದ ಮಬ್ಬು ಅಂಗಳವನ್ನೇ ಮುಚ್ಚಿಬಿಟ್ಟಿತು. ಹಲವು ಬಾರಿ ಆಟ ನಿಲ್ಲಿಸಿ, ಸಿಬ್ಬಂದಿ ಹಾಸಿಗೆಯ ಬಟ್ಟೆಗಳನ್ನು ಹಿಡಿದು ಅಂಗಳದ ಸುತ್ತ ಸ್ಕೇಟ್ ಮಾಡಿ ಮಬ್ಬನ್ನು ಚದುರಿಸಿದರು. ಸಾಲದ್ದಕ್ಕೆ ಒಂದು ಬಾವಲಿ ಒಳಗೆ ಹಾರಾಡುತ್ತಿತ್ತು, ಅದನ್ನು ಜಿಮ್ ಲೊರೆಂಟ್ಸ್ ಎಂಬ ಆಟಗಾರ ಕೋಲಿನಿಂದ ಹೊಡೆದು ಕೆಡವಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಬಫಲೋ 5-4ರಿಂದ ಗೆದ್ದಿತು. ಆದರೆ ಸರಣಿ ಮಾತ್ರ ಫಿಲಡೆಲ್ಫಿಯಾದ ಪಾಲಾಯಿತು.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಗೋಲ್‌ಕೀಪರ್‌ಗಳು ಮುಖಕ್ಕೆ ಏನೂ ಹಾಕಿಕೊಂಡಿರುವುದಿಲ್ಲ. ಹಾಗೆ ಆಡುವುದು ಹೇಗೆ ಸಾಧ್ಯವಿತ್ತು? ಮುಖಕವಚ ಯಾವಾಗ ಬಂತು? (ಗಣಿ ಕಾರ್ಮಿಕರು, ಸಂಡೂರು)

ಉತ್ತರ: ಹೆಲ್ಮೆಟ್ ಇಲ್ಲದೆ ಗಣಿಯೊಳಗೆ ಕಾಲಿಡಲಾಗದ ತಮಗೆ ಈ ಪ್ರಶ್ನೆ ಹೊಳೆದದ್ದು ಸಹಜ. ಪಕ್ ಎಂಬುದು ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲದ, 156ರಿಂದ 170 ಗ್ರಾಂ ತೂಗುವ ರಬ್ಬರ್. ಪುಟಿಯದಿರಲೆಂದು ಅದನ್ನು ಪಂದ್ಯಕ್ಕೆ ಮುಂಚೆ ಶೈತ್ಯಪೆಟ್ಟಿಗೆಯಲ್ಲಿಟ್ಟು ಕಲ್ಲಿನಂತೆ ಮಾಡಿರುತ್ತಾರೆ. ಅದು ಮುಖಕ್ಕೆ ಬಂದು ಬಡಿದರೆ ಹೊಲಿಗೆ ಹಾಕಿಸಿಕೊಂಡು ಮತ್ತೆ ನಿಲ್ಲುವುದೇ ಗೋಲ್‌ಕೀಪರ್‌ನ ಗಂಡಸುತನ ಎಂಬ ಭಾವನೆ ಆ ಕಾಲದ್ದಾಗಿತ್ತು.

ಅದನ್ನು ಮುರಿದವರು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಝಾಕ್ ಪ್ಲಾಂಟ್. ಅವರು ಅಭ್ಯಾಸದ ವೇಳೆ ಫೈಬರ್‌ಗ್ಲಾಸ್ ಕವಚ ಧರಿಸುತ್ತಿದ್ದರೂ ಪಂದ್ಯದಲ್ಲಿ ಧರಿಸಲು ತರಬೇತುದಾರ ಟೋ ಬ್ಲೇಕ್ ಬಿಡುತ್ತಿರಲಿಲ್ಲ. ಕವಚದಿಂದ ನೋಟಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎದುರಾಳಿ ಆ್ಯಂಡಿ ಬ್ಯಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಅವರ ಮುಖಕ್ಕೆ ಬಡಿಯಿತು. ರಕ್ತ ಸುರಿಸುತ್ತ ಒಳಗೆ ಹೋದ ಅವರು, ಹೊಲಿಗೆ ಹಾಕಿಸಿಕೊಂಡ ಮೇಲೆ, ಕವಚ ಹಾಕಲು ಬಿಡದಿದ್ದರೆ ಅಂಗಳಕ್ಕೆ ಮರಳುವುದಿಲ್ಲವೆಂದು ಪಟ್ಟು ಹಿಡಿದರು. ಆಗಿನ ತಂಡಗಳು ಎರಡನೇ ಗೋಲ್‌ಕೀಪರನ್ನು ಜೊತೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಬ್ಲೇಕ್ ಬೇರೆ ದಾರಿಯಿಲ್ಲದೆ ಒಪ್ಪಿದರು. ಮಾಂಟ್ರಿಯಲ್ ಆ ಪಂದ್ಯವನ್ನು 3-1ರಿಂದ ಗೆದ್ದಿತು, ಮುಂದೆಯೂ ಗೆಲ್ಲುತ್ತ ಹೋಯಿತು, 1960ರಲ್ಲಿ ಸತತ ಐದನೇ ಬಾರಿ ಎನ್‌ಎಚ್‌ಎಲ್ ವಿಜೇತರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿತು. ನೋಟಕ್ಕೆ ಅಡ್ಡಿ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. 1930ರಲ್ಲಿಯೇ ಕ್ಲಿಂಟ್ ಬೆನೆಡಿಕ್ಟ್ ಎಂಬವರು ಗಾಯದ ಕಾರಣ ಕೆಲವು ಪಂದ್ಯಗಳಲ್ಲಿ ಚರ್ಮದ ಕವಚ ಧರಿಸಿದ್ದುಂಟು, ಆದರೆ ಅದು ರೂಢಿಯಾಗಲಿಲ್ಲ.

ಕವಚವಿಲ್ಲದ ಕಾಲದಲ್ಲೇ ಗ್ಲೆನ್ ಹಾಲ್ 1955ರಿಂದ 1962ರವರೆಗೆ, ಮೊದಲು ಡೆಟ್ರಾಯಿಟ್‌ಗೆ, ಆಮೇಲೆ ಶಿಕಾಗೋಗೆ, ಲೀಗ್ ಹಂತದ 502 ಪಂದ್ಯಗಳನ್ನು ಒಂದೂ ತಪ್ಪಿಸದೆ ಆಡಿದರು. ಪಂದ್ಯಕ್ಕೆ ಮುಂಚೆ ಆತಂಕದಿಂದ ವಾಂತಿ ಮಾಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಆ ಭಯವನ್ನು ಹೊತ್ತುಕೊಂಡೇ ಏಳು ವರ್ಷ ದಿನ ತಪ್ಪದೆ ನಿಂತರು. ಈಗ ಪ್ರತಿ ತಂಡವೂ ಇಬ್ಬರು ಗೋಲ್‌ಕೀಪರ್‌ಗಳಿಗೆ ಸರದಿಯಲ್ಲಿ ವಿಶ್ರಾಂತಿ ಕೊಡುತ್ತದೆ. ನ್ಯೂಜೆರ್ಸಿಯ ಮಾರ್ಟಿನ್ ಬ್ರೊಡೂರ್ ಅವರ 691 ಗೆಲುವುಗಳನ್ನೋ, ಎದುರಾಳಿಗೆ ಒಂದೂ ಗೋಲು ಕೊಡದ ಅವರ 125 ಪಂದ್ಯಗಳನ್ನೋ ಯಾರಾದರೂ ಮೀರಬಹುದೆಂದು ಕಲ್ಪಿಸಿಕೊಳ್ಳಬಹುದು. ಹಾಲ್ ಅವರ 502 ಉಳಿಯುವುದು ಮಾತ್ರ ನಿಶ್ಚಿತ, ಏಕೆಂದರೆ ಆ ಬಗೆಯ ದುಡಿಮೆಯನ್ನೇ ಇಂದು ಯಾವ ತರಬೇತುದಾರರೂ ಒಪ್ಪುವುದಿಲ್ಲ.

ಪ್ರಶ್ನೆ: ಅತಿ ದೀರ್ಘ ಪಂದ್ಯ ಯಾವುದು? ಅತಿ ವೇಗದ ಹ್ಯಾಟ್ರಿಕ್ ಯಾರದು? ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಯಾರು? (ಕಾಲೇಜು ವಿದ್ಯಾರ್ಥಿ, ಗಂಗಾವತಿ)

ಉತ್ತರ: ಪ್ಲೇಆಫ್‌ನಲ್ಲಿ ಪಂದ್ಯ ಸಮವಾದರೆ ಗೋಲು ಬೀಳುವವರೆಗೂ ಆಡಿಸುತ್ತಾರೆ. 1936ರ ಮಾರ್ಚ್ 24ರ ಸಂಜೆ ಮಾಂಟ್ರಿಯಲ್‌ನಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವೆ ಶುರುವಾದ ಪಂದ್ಯದಲ್ಲಿ 60 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಗಳು ಒಂದಾದ ಮೇಲೊಂದು ಉರುಳಿ, ಆರನೆಯ ಹೆಚ್ಚುವರಿ ಅವಧಿಯಲ್ಲಿ, ಒಟ್ಟು 176 ನಿಮಿಷ 30 ಸೆಕೆಂಡುಗಳ ಆಟದ ನಂತರ, ಮಡ್ ಬ್ರುನೆಟೊ ಎಂಬ ಹೊಸ ಹುಡುಗ ಡೆಟ್ರಾಯಿಟ್‌ಗಾಗಿ ಗೋಲು ಹೊಡೆದಾಗ ನಡುರಾತ್ರಿ ಕಳೆದು 2 ಗಂಟೆ ದಾಟಿತ್ತು. ಸುಮಾರು 90 ಹೊಡೆತಗಳನ್ನು ತಡೆದ ಗೋಲ್‌ಕೀಪರ್ ನಾರ್ಮಿ ಸ್ಮಿತ್ ಅವರ ಹೆಸರು ಗೆದ್ದವರ ಕತೆಯಲ್ಲಿ ಹಿಂದೆ ಉಳಿಯುವುದು ನಮಗೆ ಸರಿಕಾಣುವುದಿಲ್ಲ.

ಹ್ಯಾಟ್ರಿಕ್‌ನ ದಾಖಲೆ 21 ಸೆಕೆಂಡುಗಳದ್ದು. 1952ರ ಮಾರ್ಚ್ 23ರಂದು ಶಿಕಾಗೋದ ಬಿಲ್ ಮೊಸಿಯೆಂಕೊ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧ ಮೂರನೇ ಅವಧಿಯ 6 ನಿಮಿಷ 9ನೇ ಸೆಕೆಂಡಿಗೆ ಒಂದು, 20ನೇ ಸೆಕೆಂಡಿಗೆ ಇನ್ನೊಂದು, 30ನೇ ಸೆಕೆಂಡಿಗೆ ಮತ್ತೊಂದು ಗೋಲು ಹೊಡೆದರು. ಮೂರಕ್ಕೂ ಪಕ್ ಒದಗಿಸಿಕೊಟ್ಟವರು ಗಸ್ ಬಾಡ್ನರ್ ಒಬ್ಬರೇ. 6-2ರಿಂದ ಹಿಂದಿದ್ದ ಶಿಕಾಗೋ 7-6ರಿಂದ ಗೆದ್ದಿತು. ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಅಂಕದ ದಾಖಲೆಯನ್ನೂ ಕೇಳಿದ್ದೀರಿ: 1976ರ ಫೆಬ್ರುವರಿ 7ರಂದು ಟೊರಾಂಟೊದ ಡ್ಯಾರಿಲ್ ಸಿಟ್ಲರ್ ಬಾಸ್ಟನ್ ವಿರುದ್ಧ 6 ಗೋಲು, 4 ಅಸಿಸ್ಟ್ ಸೇರಿ 10 ಅಂಕ ಗಳಿಸಿದರು. ಅಂದು ಎದುರು ನಿಂತಿದ್ದ ಗೋಲ್‌ಕೀಪರ್ ಡೇವ್ ರೀಸ್ ಎನ್‌ಎಚ್‌ಎಲ್‌ನಲ್ಲಿ ಮತ್ತೆಂದೂ ಆಡಲಿಲ್ಲ.

ಪ್ರಶ್ನೆ: ಸ್ಟ್ಯಾನ್ಲಿ ಕಪ್ ಪ್ರತಿ ವರ್ಷ ಹೊಸದೋ, ಒಂದೇ ಕಪ್ ಸುತ್ತುತ್ತದೆಯೋ? (ಪಾತ್ರೆ ಅಂಗಡಿ ಮಾಲೀಕರು, ಕೊಪ್ಪಳ)

ಉತ್ತರ: ಒಂದೇ ಕಪ್ ಸುತ್ತುತ್ತದೆ. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಬೆಳ್ಳಿಯ ಬಟ್ಟಲೊಂದನ್ನು ಕೊಡುಗೆಯಾಗಿ ಕೊಟ್ಟರು. 1893ರಿಂದ ಅದು ಗೆದ್ದವರ ಕೈ ಸೇರುತ್ತಿದೆ. ಬಟ್ಟಲು ಹಳತಾಗಿ ಶಿಥಿಲವಾದ್ದರಿಂದ 1960ರ ದಶಕದಿಂದ ಅದರ ಪ್ರತಿಕೃತಿಯನ್ನು ಬಳಸುತ್ತಾರೆ, ಮೂಲ ಬಟ್ಟಲು ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿದೆ. ಬಟ್ಟಲಿನ ಕೆಳಗಿನ ಅಗಲವಾದ ಪಟ್ಟಿಗಳ ಮೇಲೆ ಗೆದ್ದ ಆಟಗಾರರ ಹೆಸರು ಕೆತ್ತುತ್ತಾರೆ, ಜಾಗ ತುಂಬಿದಾಗ ಅತಿ ಹಳೆಯ ಪಟ್ಟಿಯನ್ನು ಕಳಚಿ ಹೊಸದನ್ನು ಜೋಡಿಸುತ್ತಾರೆ. ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಹಾಕಿಸುವಾಗ ಆಗುವಂಥ ಅಕ್ಷರದೋಷಗಳು ಇಲ್ಲಿಯೂ ಆಗಿವೆ: 1972ರಲ್ಲಿ ಗೆದ್ದ ಬಾಸ್ಟನ್ ತಂಡದ ಹೆಸರಿನಲ್ಲಿ ಇಂಗ್ಲಿಷಿನ ‘ಓ’ ಇರಬೇಕಾದ ಎರಡೂ ಕಡೆ ‘ಕ್ಯೂ’ ಬಿದ್ದಿದೆ.

ಎರಡು ವರ್ಷ ಮಾತ್ರ ಕಪ್ ಯಾರ ಪಾಲಿಗೂ ಹೋಗಲಿಲ್ಲ. 1919ರಲ್ಲಿ ಮಾಂಟ್ರಿಯಲ್ ಮತ್ತು ಸಿಯಾಟಲ್ ತಂಡಗಳ ಫೈನಲ್ ಸರಣಿಯನ್ನು ಇನ್‌ಫ್ಲುಯೆಂಜಾ ಮಹಾಮಾರಿಯಿಂದಾಗಿ ನಿರ್ಣಾಯಕ ಪಂದ್ಯಕ್ಕೆ ಮುನ್ನ ಕೈಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಮಾಂಟ್ರಿಯಲ್‌ನ ಜೋ ಹಾಲ್ ತೀರಿಕೊಂಡರು. 2005ರಲ್ಲಿ ಕಾಯಿಲೆಯಲ್ಲ, ಹಣ ಕಾರಣ: ಮಾಲೀಕರು ಮತ್ತು ಆಟಗಾರರ ನಡುವಿನ ವೇತನದ ಜಗಳದಲ್ಲಿ ಇಡೀ ಋತುವೇ ರದ್ದಾಯಿತು. ಅತಿ ಹೆಚ್ಚು ಬಾರಿ, ಅಂದರೆ 24 ಬಾರಿ, ಗೆದ್ದಿರುವುದು ಮಾಂಟ್ರಿಯಲ್ ಕೆನೇಡಿಯನ್ಸ್. ಆ ತಂಡ 1993ರಲ್ಲಿ ಗೆದ್ದ ಮೇಲೆ 2025ರವರೆಗೆ ಕೆನಡಾದ ಯಾವ ತಂಡಕ್ಕೂ ಕಪ್ ದಕ್ಕಿಲ್ಲ.

ಪ್ರಶ್ನೆ: ಮಂಜುಗಡ್ಡೆ ಸಮ ಮಾಡುವ ಗಾಡಿಯ ಚಾಲಕರೊಬ್ಬರು ಎನ್‌ಎಚ್‌ಎಲ್ ಪಂದ್ಯ ಗೆಲ್ಲಿಸಿದರಂತೆ. ಇದು ನಿಜವೋ, ಮೊಬೈಲಿನಲ್ಲಿ ಹರಿದಾಡುವ ಕಟ್ಟುಕತೆಯೋ? (ಟ್ರ್ಯಾಕ್ಟರ್ ಚಾಲಕರು, ಸಿಂಧನೂರು)

ಉತ್ತರ: ನಿಜ. ಎರಡು ತಂಡಗಳಲ್ಲಿ ಯಾವುದಕ್ಕಾದರೂ ಗೋಲ್‌ಕೀಪರ್ ಇಲ್ಲದಂತಾದರೆ ಬೇಕಾದೀತೆಂದು ಆತಿಥೇಯರು ಒಬ್ಬ ತುರ್ತು ಗೋಲ್‌ಕೀಪರನ್ನು ಸಿದ್ಧವಾಗಿ ಇಡುತ್ತಿದ್ದರು. 2020ರ ಫೆಬ್ರುವರಿ 22ರಂದು ಟೊರಾಂಟೊದಲ್ಲಿ ಹಾಗೆ ಕುಳಿತಿದ್ದವರು 42 ವರ್ಷದ ಡೇವಿಡ್ ಏರ್ಸ್. ಝಾಂಬೋನಿ ಎಂಬ ಆ ಗಾಡಿ ಓಡಿಸುವುದು ಅವರು ಮಾಡುತ್ತಿದ್ದ ಕೆಲಸಗಳಲ್ಲೊಂದು, ಹಿಂದೆ ಅವರಿಗೆ ತಾಯಿಯ ಮೂತ್ರಪಿಂಡ ಜೋಡಿಸಲಾಗಿತ್ತು. ಅತಿಥಿ ತಂಡ ಕ್ಯಾರೊಲೈನಾದ ಇಬ್ಬರು ಗೋಲ್‌ಕೀಪರ್‌ಗಳೂ ಗಾಯಗೊಂಡಾಗ ಏರ್ಸ್ ಅಂಗಳಕ್ಕಿಳಿದರು. ಮೊದಲ ಎರಡು ಹೊಡೆತಗಳೂ ಗೋಲಾದವು. ಆಮೇಲೆ ಬಂದ ಎಂಟನ್ನೂ ಅವರು ತಡೆದರು, ಕ್ಯಾರೊಲೈನಾ 6-3ರಿಂದ ಗೆದ್ದಿತು, ಗೆಲುವು ದಾಖಲೆ ಪುಸ್ತಕದಲ್ಲಿ ಅವರ ಹೆಸರಿಗೇ ಬರೆಯಲ್ಪಟ್ಟಿತು.

ಪ್ರಶ್ನೆ: ಹೆಣ್ಣುಮಕ್ಕಳು ಈ ಆಟವನ್ನು ವೃತ್ತಿಯಾಗಿ ಆಡುತ್ತಾರೆಯೇ? ಭಾರತೀಯರು ಯಾರಾದರೂ ಇದ್ದಾರೆಯೇ? ನನಗೂ ಸ್ಕೇಟಿಂಗ್ ಕಲಿಯುವ ಆಸೆಯಿದೆ. (ಪಿಯುಸಿ ವಿದ್ಯಾರ್ಥಿನಿ, ಕುಷ್ಟಗಿ)

ಉತ್ತರ: ಎನ್‌ಎಚ್‌ಎಲ್ ಪಂದ್ಯದಲ್ಲಿ ಆಡಿದ ಮೊದಲ ಮಹಿಳೆ ಮನೋನ್ ರೆಯೋಮ್. 1992ರ ಸೆಪ್ಟೆಂಬರ್ 23ರಂದು ಟ್ಯಾಂಪಾ ಬೇ ತಂಡದ ಗೋಲ್‌ಕೀಪರ್ ಆಗಿ ಒಂದು ಅವಧಿ ನಿಂತು, ಒಂಬತ್ತು ಹೊಡೆತಗಳಲ್ಲಿ ಏಳನ್ನು ತಡೆದರು. ಅದು ಋತುವಿಗೆ ಮುಂಚಿನ ಪ್ರದರ್ಶನ ಪಂದ್ಯವಾಗಿತ್ತು. ಈಗ ಮಹಿಳೆಯರಿಗೇ ಉತ್ತರ ಅಮೆರಿಕದಲ್ಲಿ ಪ್ರತ್ಯೇಕ ವೃತ್ತಿಪರ ಲೀಗ್ ಇದೆ. ಅದರ ಮೊದಲ ಪಂದ್ಯ 2024ರ ಜನವರಿ 1ರಂದು ಟೊರಾಂಟೊದಲ್ಲಿ ನಡೆಯಿತು.

ಭಾರತೀಯ ಮೂಲದವರಲ್ಲಿ ಎನ್‌ಎಚ್‌ಎಲ್ ಪ್ರವೇಶಿಸಿದ ಮೊದಲಿಗರು ಕೆನಡಾದ ಪಂಜಾಬಿ ಕುಟುಂಬದ ರಾಬಿನ್ ಬಾವಾ, 1989ರಲ್ಲಿ, ವಾಷಿಂಗ್ಟನ್ ತಂಡದಿಂದ. ಭಾರತದೊಳಗೆ ಈ ಆಟದ ನೆಲೆ ಲಡಾಖ್. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೊಳಗಳ ಮೇಲೆ ಕಲಿತ ಅಲ್ಲಿಯ ಹೆಣ್ಣುಮಕ್ಕಳೇ ಹೆಚ್ಚಾಗಿರುವ ನಮ್ಮ ಮಹಿಳಾ ತಂಡ 2025ರ ಜೂನ್‌ನಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಗೆದ್ದಿತು.

ನಿಮ್ಮ ಆಸೆಗೆ ಮಂಜುಗಡ್ಡೆಯೇ ಬೇಕೆಂದಿಲ್ಲ. ಒಂದೇ ಸಾಲಿನಲ್ಲಿ ಚಕ್ರಗಳಿರುವ ಇನ್‌ಲೈನ್ ಸ್ಕೇಟ್ ಕಟ್ಟಿಕೊಂಡು ನುಣುಪಾದ ಕಾಂಕ್ರೀಟ್ ಅಂಗಳದಲ್ಲಿ ಸಮತೋಲ ಮತ್ತು ತಳ್ಳುವ ಹೆಜ್ಜೆ ಕಲಿತರೆ, ಮುಂದೆ ಮಂಜುಗಡ್ಡೆಯ ಮೇಲೆ ನಿಂತಾಗ ಅರ್ಧ ಕೆಲಸ ಮುಗಿದಿರುತ್ತದೆ. ನಿಲ್ಲುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಗುತ್ತದೆ, ಏಕೆಂದರೆ ಅಲ್ಲಿ ಅಲಗುಗಳನ್ನು ಅಡ್ಡಕ್ಕೆ ತಿರುಗಿಸಿ ಗಡ್ಡೆಯನ್ನು ಕೆರೆದು ನಿಲ್ಲುತ್ತಾರೆ. ಚಕ್ರದ ಸ್ಕೇಟ್‌ನಲ್ಲಿ ಹಾಗೆ ಮಾಡಲು ಹೋದರೆ ಮುಗ್ಗರಿಸುವುದು ಖಚಿತ. ಮೊಣಕಾಲು, ಮೊಣಕೈಗಳಿಗೆ ಪ್ಯಾಡ್, ತಲೆಗೆ ಹೆಲ್ಮೆಟ್ ಮೊದಲ ದಿನದಿಂದಲೇ ಇರಲಿ.